ಆಯಿ ಕೇಳಿದ ರೋಧದ ಪ್ರಶ್ನೆ

ಚಳಿಗಾಲದ ಮೊದಲ ಬೆಳಿಗ್ಗೆ ಹೀಟರ್ ಹಚ್ಚಿದಾಗ, ಸುರುಳಿ ತಂತಿಯ ಮೇಲೆ ವರ್ಷವಿಡೀ ಕುಳಿತ ಧೂಳು ಸುಟ್ಟು ಒಂದು ಒಣ ವಾಸನೆ ಏಳುತ್ತದಲ್ಲ, ಅದು ಮೂಗಿಗೆ ಬಡಿದ ಕೂಡಲೇ ನಾನು ಭಾಲ್ಕಿಯ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿರುತ್ತೇನೆ. ನಿಮ್ಮನ್ನೂ ಅಂಥದೊಂದು ವಾಸನೆ ಎಲ್ಲಿಗೋ ಎಳೆದೊಯ್ಯುತ್ತಿರಬಹುದು. ಕೆಂಪು ಕಲ್ಲಿನ ದಪ್ಪ ಗೋಡೆ, ಮಣ್ಣಿನ ಮಾಳಿಗೆ, ಸಗಣಿ ಸಾರಿಸಿದ ತಣ್ಣನೆಯ ನೆಲ. ಅಪ್ಪ ಅವ್ವ ಔರಾದ್ ಕಡೆಯ ಎಕಂಬಾದಲ್ಲಿ ಹೊಲ ನೋಡಿಕೊಂಡಿದ್ದರು. ನಾನು ಓದಲೆಂದು ಭಾಲ್ಕಿಯಲ್ಲಿ ನನ್ನ ಅಜ್ಜಿ, ಅಂದರೆ ಆಯಿ, ಮತ್ತು ಆಗಿನ್ನೂ ಮದುವೆಯಾಗಿರದ ಚಿಕ್ಕಪ್ಪ ವೈಜನಾಥ ಕಾಕಾನ ಜೊತೆಗಿದ್ದೆ. ಮನೆಗಿನ್ನೂ ಕರೆಂಟ್ ಬಂದಿರಲಿಲ್ಲ. ಆದರೂ ಕರೆಂಟಿನ ಬಗ್ಗೆ ನಮ್ಮಷ್ಟು ಮಾತಾಡಿದ ಮನೆ ಆ ಊರಲ್ಲಿ ಇನ್ನೊಂದು ಇದ್ದಿರಲಾರದು.

ಕಾಕಾ ನಮ್ಮ ಸಾಲೆಯ ವಿಜ್ಞಾನದ ಮಾಸ್ತರರು. ನಿಜಾಮರ ಕಾಲದಲ್ಲಿ ಎಲ್ಲವನ್ನೂ ಉರ್ದುವಿನಲ್ಲೇ ಕಲಿತವರು, ಕಲಿಸಿದವರು. ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ಕನ್ನಡದ ಹೊಸ ಪುಸ್ತಕ ಬಂತು. ಅದರ ಹಿಂದೆಯೇ, ಮೈಸೂರು ಕಡೆಯ ಇನ್ಸ್‌ಪೆಕ್ಟರ್ ಒಬ್ಬರು ಪಾಠ ಕೇಳಲು ಬರುತ್ತಾರೆ ಎಂಬ ಸುದ್ದಿಯೂ ಬಂತು. ಕನ್ನಡದಲ್ಲಿ ಪಾಠ ಮಾಡಲು ಬಾರದವರ ಕೈಯಿಂದ ವಿಜ್ಞಾನ ತೆಗೆದು, ಅವರನ್ನು ದೂರದ ಊರಿಗೆ ಹಾಕುತ್ತಾರಂತೆ. ವಿಜ್ಞಾನ ಬಿಟ್ಟರೆ ಕಾಕಾನಿಗೆ ಬೇರೆ ಜೀವವೇ ಇರಲಿಲ್ಲ. ಉರ್ದುವಿನಲ್ಲಿ ‘ಮುಜಾಹಮತ್’ ಎಂದು ಸಲೀಸಾಗಿ ಹೇಳುತ್ತಿದ್ದ ಬಾಯಿಗೆ ಈಗ ಅದರ ಕನ್ನಡವಾದ ‘ರೋಧ’ ಎಂಬ ಶಬ್ದ ಬರುತ್ತಿರಲಿಲ್ಲ. “ಸುಶೀ, ಇದು ನನ್ನ ನಾಲಿಗಿ ಮ್ಯಾಲ ಕೂಡವಲ್ದು ನೋಡವಾ,” ಎಂದು ಪುಸ್ತಕ ಮುಚ್ಚಿ ನನ್ನ ಮುಖ ನೋಡುತ್ತಿದ್ದರು. ಎಂಟನೇ ಇಯತ್ತೆಯ ನಾನು ಏನು ಹೇಳಲಿ?

ಕೊನೆಗೆ ಮನೆಯಲ್ಲೇ ಪಾಠ ಒಪ್ಪಿಸಿ ನೋಡುವುದೆಂದಾಯಿತು. ಒಂದು ರವಿವಾರ ಕಾಕಾ ಬೀದರಿನಿಂದ ಆರು ವೋಲ್ಟಿನ ಬ್ಯಾಟರಿಯೊಂದನ್ನು ಚಾರ್ಜು ಮಾಡಿಸಿ, ಬಸ್ಸಿನಲ್ಲಿ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ತಂದರು. ಸಾಲೆಯ ಮೀಟರುಗಳು ಜೋಳದ ಚೀಲದ ಪಕ್ಕ ಕುಳಿತವು. ವಿದ್ಯಾರ್ಥಿಗಳೆಂದರೆ ನಾನು ಮತ್ತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದ ಆಯಿ. ಕಾಕಾ ಧೂಳು ಕೂತ ತಂತಿಯ ಸುರುಳಿಯೊಂದನ್ನು ಮೊದಲು ಹಾಗೇ ಬ್ಯಾಟರಿಗೆ ತಾಗಿಸಿದಾಗ ಸುಟ್ಟ ಧೂಳಿನ ಒಣ ವಾಸನೆ ಎದ್ದಿತು. ಆಮೇಲೆ ಅದನ್ನು ಗಾಜಿನ ಲೋಟದ ನೀರಿಗೆ ಇಳಿಬಿಟ್ಟು ಬ್ಯಾಟರಿಗೆ ಜೋಡಿಸಿದರು. ಒಂದು ಮೀಟರು ಆರು ವೋಲ್ಟ್ ಎಂದಿತು, ಇನ್ನೊಂದು ಎರಡು ಆಂಪಿಯರ್ ಎಂದಿತು. “ಆರನ್ನ ಎರಡರಿಂದ ಭಾಗಿಸಿದ್ರ ಮೂರು ಓಮ್. ಇದು ರೋಧ. ಆರಕ್ಕ ಎರಡು ಗುಣಿಸಿದ್ರ ಹನ್ನೆರಡು ವ್ಯಾಟ್. ಇದು ಸಾಮರ್ಥ್ಯ.”

“ರೋಧ ಅಂದ್ರ ಏನೋ ವೈಜೂ?” ಎಂದಳು ಆಯಿ.

“ಅಡ್ಡಿ ಅಂತ ತಿಳಕೋ ಅವ್ವಾ. ಕರೆಂಟ್ ಹೋಗೋ ಹಾದಿಗಿ ತಂತಿ ಅಡ್ಡಿ ಮಾಡ್ತದ. ಅದಕ್ಕೇ ಕಾಯ್ತದ.”

ಆಯಿಯ ಕೈ ಮೊರದಲ್ಲೇ ನಿಂತಿತು. “ಹಂಗಾದ್ರ ತಂತಿ ಎರಡು ಪಟ್ಟು ಉದ್ದ ಹಾಕು. ಅಡ್ಡಿ ಹೆಚ್ಚಾದ್ರ ಬಿಸಿನೂ ಹೆಚ್ಚಾಗಬೇಕಲ್ಲ?”

ಕಾಕಾನಿಗೆ ಸೂತ್ರ ಗೊತ್ತಿತ್ತು, ಆದರೆ ಈ ಪ್ರಶ್ನೆಯನ್ನು ಅವರಿಗೆ ಯಾವ ಭಾಷೆಯಲ್ಲೂ ಯಾರೂ ಕೇಳಿರಲಿಲ್ಲ. ಎದ್ದು ಹೋಗಿ ಎರಡು ಪಟ್ಟು ಉದ್ದದ ತಂತಿ ಸುತ್ತಿ, ಇನ್ನೊಂದು ಲೋಟದಲ್ಲಿ ಅಷ್ಟೇ ನೀರು ಹಾಕಿ, ಗಡಿಯಾರ ನೋಡಿ ಅಷ್ಟೇ ಹೊತ್ತು ಜೋಡಿಸಿಟ್ಟರು. ಮುಳ್ಳು ಒಂದೇ ಆಂಪಿಯರಿಗೆ ನಿಂತಿತು. ರೋಧ ಆರು ಓಮ್ ಆಯಿತು, ಸಾಮರ್ಥ್ಯ ಆರೇ ವ್ಯಾಟ್. ಆಯಿ ಎರಡೂ ಲೋಟಗಳಲ್ಲಿ ಬೆರಳದ್ದಿದಳು. “ಅಯ್ಯ, ಮೊದಲಿಂದೇ ಬಿಸಿ ಅದ!” ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತ ತಾನೇ ಹೇಳಿದಳು: “ಅಲ್ಲೋ, ಗಲ್ಲಿ ಉದ್ದ ಆಗಿ ನಡಿಯೋದು ತ್ರಾಸ ಆದ್ರ ಮಂದಿ ಬರೋದೇ ಕಡಿಮಿ ಆಗ್ತದ. ಮಂದಿನೇ ಇಲ್ಲಂದ್ರ ಗದ್ದಲ ಎಲ್ಲಿಂದ ಬರ್ತದ?” ಕಾಕಾ ಅವಳನ್ನು ಮೊರದ ಸಮೇತ ತಬ್ಬಿಕೊಂಡರು. ಜೋಳವೆಲ್ಲ ನೆಲಕ್ಕೆ ಚೆಲ್ಲಿತು. ಬೈಯುತ್ತ ನಗುತ್ತ ಮೂವರೂ ಆರಿಸಿದೆವು.

ಇನ್ಸ್‌ಪೆಕ್ಟರ್ ಬಂದ ದಿನ ಕಾಕಾ ಹಲಗೆಯ ಮುಂದೆ ನಿಂತು ಪುಸ್ತಕದ ಕನ್ನಡದಲ್ಲಿ ಆರಂಭಿಸಿದರು. ಎರಡನೆಯ ವಾಕ್ಯಕ್ಕೇ ತೊದಲಿ, ಬಾಯಿಂದ ‘ಮುಜಾಹಮತ್’ ಜಾರಿತು. “ಏನಂದ್ರಿ ಮೇಷ್ಟ್ರೇ?” ಎಂದು ಇನ್ಸ್‌ಪೆಕ್ಟರ್ ಹುಬ್ಬೇರಿಸಿದರು. ಕಾಕಾ ಪುಸ್ತಕವನ್ನು ಮೇಜಿನ ಮೇಲಿಟ್ಟರು. “ಅಡ್ಡಿ ರೀ ಸಾಹೇಬ್ರ. ಪುಸ್ತಕದಾಗ ರೋಧ ಅಂತಾರ,” ಎಂದವರು ಮನೆಯ ಮಾತಿನಲ್ಲೇ ಪಾಠ ಮುಂದುವರಿಸಿದರು. ಎರಡು ಲೋಟ ಇಟ್ಟು, ಯಾವುದರ ನೀರು ಹೆಚ್ಚು ಕಾಯುತ್ತದೆ ಎಂದು ಕೇಳಿದರು. ಉದ್ದ ತಂತಿಯದು ಎಂದು ಇಡೀ ವರ್ಗ ಕೂಗಿತು. ನಾನೊಬ್ಬಳೇ ತುಟಿ ಕಚ್ಚಿಕೊಂಡು ಕುಳಿತಿದ್ದೆ. ಇನ್ಸ್‌ಪೆಕ್ಟರರೂ ಮೈಮರೆತು, “ಉದ್ದದ್ದೇ ಅಲ್ವೇ?” ಅಂದುಬಿಟ್ಟರು! ನೀರಿಗೆ ಬೆರಳದ್ದಿ ನೋಡಿದ ಮೇಲೆ ಅವರು ನಕ್ಕ ನಗೆಗೆ ಕಿಟಕಿಯ ಪಾರಿವಾಳಗಳು ಹಾರಿಹೋದವು. ಈ ಪ್ರಶ್ನೆ ಯಾರದು ಎಂದು ಕೇಳಿದರು. “ನಮ್ಮ ಅವ್ವಂದು ರೀ. ಆಕಿ ಸಾಲಿ ಮೆಟ್ಟಲಾ ಹತ್ತಿದಾಕಿ ಅಲ್ಲ ರೀ,” ಎಂದರು ಕಾಕಾ. ಮಧ್ಯಾಹ್ನ ಇನ್ಸ್‌ಪೆಕ್ಟರ್ ನಮ್ಮ ಮನೆಗೇ ಬಂದು ಆಯಿಯ ಕೈಯ ರೊಟ್ಟಿ, ಪುಂಡಿಪಲ್ಯ ಉಂಡರು. “ನಿಮ್ಮ ಮೈಸೂರಾಗೂ ತಂತಿ ಹಿಂಗೇ ಕಾಯ್ತದೇನ್ರಿ?” ಎಂದು ಆಯಿ ಗಂಭೀರವಾಗಿ ಕೇಳಿದಳು. “ಅಲ್ಲೂ ಹೀಗೇ ಕಣಮ್ಮ,” ಎಂದರು ಅವರು. ಕಾಕಾ ಭಾಲ್ಕಿಯಲ್ಲೇ ಉಳಿದರು. ವಿಜ್ಞಾನವೂ ಅವರ ಕೈಯಲ್ಲೇ ಉಳಿಯಿತು.

ಈಗ ಆ ಮನೆಯಿಲ್ಲ, ರಸ್ತೆ ಅಗಲವಾಗುವಾಗ ಹೋಯಿತು. ಆಯಿ ಅದಕ್ಕೂ ಬಹಳ ಮೊದಲೇ ಹೋದಳು. ನಿವೃತ್ತರಾದ ಮೇಲೆ ಕಾಕಾ ಔರಾದಿನಲ್ಲಿ ಮಗಳ ಮನೆಯಲ್ಲಿದ್ದರು. ಕೊನೆಯ ಸಲ ನೋಡಲು ಹೋದಾಗ ನನ್ನನ್ನು ಕಳಿಸಲೆಂದು, ಬೇಡವೆಂದರೂ ಕೇಳದೆ, ಕೋಲೂರಿಕೊಂಡು ನಿಲ್ದಾಣದವರೆಗೆ ನಡೆದು ಬಂದರು. ಬಸ್ಸು ಒಂದು ತಾಸು ತಡವಾಯಿತು. ಕಲ್ಲು ಬೆಂಚಿನ ಮೇಲೆ ಇಬ್ಬರೂ ಸೀಬೆಹಣ್ಣು ಹಂಚಿಕೊಂಡು ತಿಂದೆವು. ಆ ತಾಸು ಏನೇನು ಮಾತಾಡಿದೆವೋ ಈಗ ಒಂದೂ ನೆನಪಿಲ್ಲ. ಬಸ್ಸು ಬಂದಾಗ ಇಬ್ಬರೂ ನಗುತ್ತಿದ್ದೆವು ಎಂಬುದಷ್ಟೇ ನೆನಪಿದೆ.