ಮೊದಲ ಟ್ಯೂಬಿನ ನೆತ್ತರು

ಕಿರ್ರ್, ಕಟಕ್. ಕುರುಗೋಡಿನಲ್ಲಿ ಫರ್ಜಾನಾಳ ಮನೆಯೆದುರಿನ ಬೋರಿಂಗಿನ ಕೈಪಂಪು ಬೆಳಗಾಗುವ ಮೊದಲೇ ದನಿ ತೆಗೆಯುತ್ತಿತ್ತು. ಅದಿರಿನ ಲಾರಿಗಳು ಬಿಡುವಿಲ್ಲದೆ ಓಡತೊಡಗಿದ ಮೇಲೆ ಅದರ ಬಾಯಿಗೆ ಧೂಳು ಕೂತು ಮೊದಲ ಕೊಡ ಕೆಂಪಗೆ ಬರುವುದು. ಅದನ್ನು ಚೆಲ್ಲಿ ಎರಡನೆಯದನ್ನು ಹಿಡಿಯುವುದು ಓಣಿಯ ರೂಢಿ. ಫರ್ಜಾನಾಳೂ ದಿನಾ ಹಾಗೇ ಚೆಲ್ಲಿ, ಬಳ್ಳಾರಿಯ ಬಸ್ಸು ಹಿಡಿಯುತ್ತಿದ್ದಳು.

ಅಲ್ಲಿ ಒಂದು ಆಸ್ಪತ್ರೆಯಲ್ಲಿ ರಕ್ತ ತೆಗೆಯುವುದು ಅವಳ ಕೆಲಸ. ನರ ಸಿಗದ ಕೈಯಲ್ಲೂ ಒಂದೇ ಚುಚ್ಚಿಗೆ ತೆಗೆಯುತ್ತಾಳೆಂಬ ಹೆಸರಿತ್ತು. ಆ ವರ್ಷ ಮೂತ್ರಕೋಶದ ಕ್ಯಾನ್ಸರಿನವರ ರಕ್ತದಲ್ಲಿ ಗಡ್ಡೆಯಿಂದ ಕಳಚಿ ತೇಲುವ ಜೀವಕಣಗಳಿವೆಯೇ ಎಂದು ಹುಡುಕಲು ಹೈದರಾಬಾದಿಗೆ ಟ್ಯೂಬು ಕಳಿಸುತ್ತಿದ್ದರು. ಸೂಜಿ ಒಳಹೋಗುವಾಗ ಚರ್ಮದ ಕಣಗಳೂ ಜೊತೆಗೆ ಬರುತ್ತವೆ, ಅವೂ ಕ್ಯಾನ್ಸರಿನವಂತೆ ಕಾಣಬಹುದು. ಹಾಗಾಗಿ ಮೊದಲ ಟ್ಯೂಬು ಚೆಲ್ಲಬೇಕೆಂದು ಕಟ್ಟಪ್ಪಣೆ.

ಸಿರುಗುಪ್ಪದ ಜಂಬಣ್ಣ ಇಪ್ಪತ್ತು ವರ್ಷ ಬಳ್ಳಾರಿಯ ಜೀನ್ಸ್ ಕಾರ್ಖಾನೆಯಲ್ಲಿ ಹೊಸ ಬಟ್ಟೆ ತೊಳೆದವನು. ಅವನಿಗೂ ಅದೇ ಕಾಯಿಲೆ, ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಅವನು ತೋಳು ಚಾಚಿದ ದಿನ ಹೆಂಡತಿ ಸಾವಂತ್ರಮ್ಮ ಪಕ್ಕದಲ್ಲೇ ನಿಂತಿದ್ದಳು. ಮೊದಲ ಟ್ಯೂಬು ಚೆಲ್ಲುತ್ತಾರೆಂದು ತಿಳಿದು ಮುಂದೆ ಬಂದಳು.

"ಒಣ ಕಟಿಗಿ ಆಗ್ಯಾನ. ಇವನ ನೆತ್ತರ ಚೆಲ್ಲತೀ ಏನವ್ವಾ?"

ಫರ್ಜಾನಾಳ ಕೈ ತಡೆಯಿತು. ಮೊದಲ ಟ್ಯೂಬಿಗೇ ಹೆಸರು ಬರೆದು ಕಳಿಸಿದಳು.

ಎರಡು ಕಣ ಸಿಕ್ಕಿವೆ ಎಂದು ಉತ್ತರ ಬಂತು. ಇದೊಂದರಿಂದ ಏನೂ ಹೇಳಲಾಗದು ಎಂದು ಡಾಕ್ಟರು ಅಂದರೂ, ಕಾಯಿಲೆ ನೆತ್ತರಿಗಿಳಿದ ಮೇಲೆ ಆಪರೇಷನ್ ಯಾಕೆಂದು ಜಂಬಣ್ಣ ಊರಿಗೆ ಹೋಗಿಬಿಟ್ಟ.

ಮೂರು ದಿನ ಫರ್ಜಾನಾಳಿಗೆ ಅನ್ನ ಸೇರಲಿಲ್ಲ. ನಾಲ್ಕನೆಯ ದಿನ ಡಾಕ್ಟರಿಗೆ ಹೇಳಿ, ಬೈಸಿಕೊಂಡು, ಹೊಸ ಟ್ಯೂಬುಗಳೊಂದಿಗೆ ಸಿರುಗುಪ್ಪಕ್ಕೆ ಹೋದಳು.

"ತಪ್ಪು ನಂದು ಕಾಕಾ. ಮೊದಲಿಂದು ಚೆಲ್ಲಬೇಕಿತ್ತು. ಆ ಎರಡೂ ಚರ್ಮದ ಕಣ ಇರಬಹುದು. ಅಲ್ಲದೆಯೂ ಇರಬಹುದು. ಇನ್ನೊಮ್ಮಿ ತೆಗಿಬೇಕು."

"ಈ ಸಲ ಹೆಂಗ ನಂಬೋದು?" ಸಾವಂತ್ರಮ್ಮ ಮುಖ ತಿರುಗಿಸಿದಳು.

ಜಂಬಣ್ಣ ಉಗುರಿನ ಬುಡದಲ್ಲಿ ಉಳಿದಿದ್ದ ನೀಲಿಯನ್ನು ನೋಡಿಕೊಂಡ. "ಜೀನ್ಸಿನ ಮೊದಲ ನೀರು ಕಡುನೀಲಿ ಇರತೈತಿ. ಅದನ್ನ ನೋಡಿ ಬಣ್ಣೆಲ್ಲಾ ಹೋತು ಅಂತ ಅತ್ತರ ಹೆಂಗ? ಚೆಲ್ಲಬ್ಯಾಡ ಅಂದಾಕಿ ನೀನ ಅಲ್ಲೇನಲೇ," ಎಂದು ಹೆಂಡತಿಗೆ ಅಂದು, ತೋಳು ಚಾಚಿದ.

ಮೊದಲ ಟ್ಯೂಬು ಬದಿಗೆ ಹೋಗುವಾಗ ಸಾವಂತ್ರಮ್ಮ ಕಣ್ಣು ಮುಚ್ಚಿಕೊಂಡಳು. ಎರಡನೆಯದಕ್ಕೆ ಹೆಸರು ಬರೆಯುವಷ್ಟರಲ್ಲಿ ಬಸ್ಸಿನ ಹಾರನ್ ಕೇಳಿಸಿತು.

"ಉತ್ತರ ಬಂದರ?" ಸಾವಂತ್ರಮ್ಮ ಬಾಗಿಲಿಗೆ ಬಂದು ಕೇಳಿದಳು.

"ನಾನ ಬಂದು ಹೇಳತೀನಮ್ಮಾ." ಫರ್ಜಾನಾ ಚಪ್ಪಲಿ ಮೆಟ್ಟಿ, ಟ್ಯೂಬಿನ ಡಬ್ಬಿಯನ್ನು ಎದೆಗವಚಿಕೊಂಡು ಆಗಲೇ ಓಣಿಗಿಳಿದಿದ್ದಳು. "ಸೊನ್ನಿ ಬಂದರೂ ಹೇಳತೀನಿ, ಮತ್ತ ಎರಡ ಬಂದರೂ ನಾನ..."