ಬಾಗಿಲಲ್ಲೇ ನಿಲ್ಲಿಸುತ್ತಿದ್ದ ಮೇಷ್ಟ್ರು

ನಮ್ಮ ಮೇಷ್ಟ್ರ ನೀಲಿ ಪ್ಯಾಂಟಿನ ಮೊಣಕಾಲಿನ ಜಾಗ ಎರಡೂ ಕಡೆ ಸವೆದು ಹೊಳೆಯುತ್ತಿತ್ತು. ಉಳಿದದ್ದೆಲ್ಲ ಅಚ್ಚುಕಟ್ಟು. ಇಸ್ತ್ರಿ ಮಾಡಿದ ಅಂಗಿ, ಒತ್ತಿ ಕತ್ತರಿಸಿದ ಉಗುರು, ಹಿಂದಕ್ಕೆ ಬಾಚಿದ ನರೆಗೂದಲು. ಆ ಎರಡು ಜಾಗ ಮಾತ್ರ ಹಾಗೆ. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ, ಬಹಳ ವರ್ಷ ಆಂಬುಲೆನ್ಸ್‌ನಲ್ಲಿ ಓಡಾಡಿ ನಿವೃತ್ತರಾದ ಮೇಲೂ ಅವರು ದಿನಕ್ಕೆ ಹತ್ತಾರು ಸಲ ಸಿಮೆಂಟ್ ನೆಲದ ಮೇಲೆ ಮೊಣಕಾಲೂರುತ್ತಿದ್ದರು. ಎದುರಿಗೆ ತಲೆ ಮತ್ತು ಎದೆ ಮಾತ್ರ ಇದ್ದ ರಬ್ಬರ್ ಬೊಂಬೆ. ಅದರ ಹೆಗಲು ತಟ್ಟಿ, ಕಿವಿಯ ಹತ್ತಿರ ಬಾಗಿ, "ಏನವ್ವಾ, ನಾನು ಮಾತಾಡೋದು ಕೇಳಿಸ್ತದಾ?" ಎಂದು ಕೇಳುತ್ತಿದ್ದರು. ನಾವು ನಗುತ್ತಿದ್ದೆವು. ಅವರು ನಗುತ್ತಿರಲಿಲ್ಲ. ಸಂಜೆ ಪಾಠ ಮುಗಿದ ಮೇಲೆ ಆ ಬೊಂಬೆಯ ಮುಖ ಒರೆಸಿ, ಎದೆಯ ಮೇಲೊಂದು ಟವೆಲ್ ಹೊದಿಸಿಯೇ ಹೊರಡುತ್ತಿದ್ದರು.

ನಂಜನಗೂಡಿನ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ, ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ತರಬೇತಿ. ಆಂಬುಲೆನ್ಸ್‌ನಲ್ಲಿ ರೋಗಿಯ ಪಕ್ಕ ಕೂತು ಹೋಗುವವರಿಗೆ ಮೂರು ತಿಂಗಳ ಆರಂಭಿಕ ಪಾಠ. ಇಪ್ಪತ್ತು ಜನ ಸೇರಿದ್ದೆವು. ನಾನು ಹೆಮ್ಮಿಗೆಯವಳು. ಅಪ್ಪ ಅಮ್ಮ ಇಬ್ಬರೂ ಕೂಲಿಗೆ ಹೋಗುವವರು. ಪಿಯುಸಿ ಮುಗಿಸಿ ಎರಡು ವರ್ಷ ಮನೆಯಲ್ಲಿ ಕೂತಿದ್ದ ನನಗೆ ಈ ಕೆಲಸ ಸಿಗಲೇಬೇಕಿತ್ತು. ಮೇಷ್ಟ್ರ ಮನೆ ತಿ. ನರಸೀಪುರದಲ್ಲಿ. ನಾನು ಅಲ್ಲಿಗೆ ಬಂದು ಬಸ್ಸು ಬದಲಿಸುತ್ತಿದ್ದೆ. ಆ ರಶ್ಶಿನಲ್ಲಿ ನನಗೆಂದು ಒಂದು ಸೀಟಿನ ಮೇಲೆ ತಮ್ಮ ಚೀಲ ಇಟ್ಟುಕೊಂಡು, "ಇಲ್ ಬಾ ತಾಯಿ" ಎಂದು ಕೈ ಬೀಸುತ್ತಿದ್ದರು.

ಅಷ್ಟು ಮೃದುವಾದ ಮನುಷ್ಯ ತರಗತಿಯ ಬಾಗಿಲಲ್ಲಿ ಬೇರೆಯೇ ಆಗಿಬಿಡುತ್ತಿದ್ದರು. ಒಬ್ಬೊಬ್ಬರನ್ನೂ ಹೊಸ್ತಿಲಲ್ಲೇ ತಡೆದು ಕೇಳುತ್ತಿದ್ದರು: "ಸುತ್ತ ನೋಡಿದ್ಯಾ?" ಒಳಗೆ ಅವರು ಏನಾದರೂ ಬದಲಾಯಿಸಿ ಇಟ್ಟಿರುತ್ತಿದ್ದರು. ಒಂದು ದಿನ ನೆಲದ ಮೇಲೆ ಎಣ್ಣೆ, ಒಂದು ದಿನ ಬೊಂಬೆಯ ಕೆಳಗೆ ಒಡೆದ ಗಾಜು, ಒಂದು ದಿನ ಫ್ಯಾನಿಗೆ ಕಟ್ಟಿ ಇಳಿಬಿಟ್ಟ ವೈರು. ಅದನ್ನು ಕಂಡು ಹೇಳದೆ ಕಾಲಿಟ್ಟವರು ಮತ್ತೆ ಮೆಟ್ಟಿಲಿಳಿದು ಕೆಳಗಿನಿಂದ ಬರಬೇಕು. "ಬಿದ್ದಿರೋರ್ನ ಎತ್ತೋಕೆ ಹೋದೋರೇ ಬಿದ್ರೆ, ನಿಮ್ಮನ್ನ ಎತ್ತೋಕೆ ಯಾರ್ನ ಕರೀಲಿ?" ಎನ್ನುತ್ತಿದ್ದರು. ಒಂದು ತಿಂಗಳಾದರೂ ಅದೇ ಪಾಠ. ಬಾಗಿಲು, ಸುತ್ತ ನೋಡುವುದು, ಮೊಣಕಾಲೂರುವುದು, ಎದೆ ಒತ್ತುವುದು. ಕೊಟ್ಟಿದ್ದ ಪುಸ್ತಕದಲ್ಲಿ ಇನ್ನೂ ಮುಕ್ಕಾಲು ಭಾಗ ಬಾಕಿ ಇತ್ತು.

ಒಂದು ಬೆಳಿಗ್ಗೆ ನನ್ನನ್ನು ಐದು ಸಲ ವಾಪಸ್ಸು ಕಳಿಸಿದರು. ಐದನೇ ಸಲ ಮೆಟ್ಟಿಲು ಹತ್ತುವಾಗ ಎಲ್ಲರೂ ಬಾಗಿಲ ಬಳಿ ನಿಂತು ನಗುತ್ತಿದ್ದರು. ನನಗೆ ಅಳು ಬಂತು. ಮೇಷ್ಟ್ರು, "ಇವತ್ತು ಅತ್ರೆ ಅಳು, ನಾಳೆ ನಿಮ್ಮಮ್ಮ ಅಳೋದು ಬೇಡ" ಎಂದರು. ಆ ಮಾತಿನ ಅರ್ಥ ಆಗ ನನ್ನ ತಲೆಗೆ ಹೋಗಲಿಲ್ಲ. ಅವಮಾನವೊಂದೇ ಉಳಿಯಿತು.

ಅದೇ ವಾರ ನಾವು ಮೇಷ್ಟ್ರನ್ನು ಬದಲಿಸಿ ಎಂದು ತರಬೇತಿ ಕೇಂದ್ರದ ಆಫೀಸಿಗೆ ಅರ್ಜಿ ಬರೆದೆವು. ಪಾಠ ಮುಗಿಯುವುದಿಲ್ಲ, ಪರೀಕ್ಷೆಯಲ್ಲಿ ಫೇಲಾಗುತ್ತೇವೆ, ಕೆಲಸ ಸಿಗುವುದಿಲ್ಲ ಎಂಬ ಭಯ ಎಲ್ಲರಿಗೂ ಇತ್ತು. ಅದು ಸುಳ್ಳೇನಲ್ಲ. ಅಕ್ಷರ ಚೆನ್ನಾಗಿದೆಯೆಂದು ಬರೆಯುವ ಕೆಲಸ ನನಗೆ ಬಂತು. ಎಲ್ಲರೂ ಹೇಳಿದ್ದನ್ನು ಬರೆದು ಮುಗಿಸಿದ ಮೇಲೆ, ಯಾರೂ ಹೇಳದ ಒಂದು ವಾಕ್ಯವನ್ನು ನಾನೇ ಸೇರಿಸಿದೆ: "ಇವರಿಗೆ ವಯಸ್ಸಾಗಿ ಮರೆವು ಬಂದಿದ್ದು, ಹೇಳಿದ ಪಾಠವನ್ನೇ ಮತ್ತೆ ಮತ್ತೆ ಹೇಳುತ್ತಾರೆ." ಅವರಿಗೆ ಮರೆವು ಇರಲಿಲ್ಲ. ಇಪ್ಪತ್ತು ಜನರ ಹೆಸರು, ಊರು, ಯಾರಿಗೆ ಯಾವ ತಪ್ಪು ಅಭ್ಯಾಸ, ಎಲ್ಲ ಅವರ ನಾಲಿಗೆಯ ತುದಿಯಲ್ಲಿತ್ತು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಬರೆದೆ.

ಅರ್ಜಿ ಕೊಟ್ಟ ಸಂಜೆಯೂ ಅವರು ಬಸ್ಸಿನಲ್ಲಿ ನನಗೆ ಸೀಟು ಹಿಡಿದಿದ್ದರು. ಪಕ್ಕದಲ್ಲಿ ಕೂತು ಬಂದೆ. ಸೋಮವಾರ ಅವರು ಬಸ್ಸಿನಲ್ಲಿರಲಿಲ್ಲ, ತರಗತಿಯಲ್ಲೂ ಇರಲಿಲ್ಲ. ಹೊಸಬರೊಬ್ಬರು ಬಂದು ಪುಸ್ತಕ ತೆರೆದು ಮೊದಲ ಪುಟದಿಂದ ಓದತೊಡಗಿದರು. ನಾವೆಲ್ಲ ಪಾಸಾದೆವು.

ನನಗೆ ಬನ್ನೂರಿನ ಕಡೆಯ ಆಂಬುಲೆನ್ಸ್‌ನಲ್ಲಿ ಕೆಲಸ ಸಿಕ್ಕಿತು. ಎರಡನೆಯ ವರ್ಷ, ನಾಟಿಯ ಕಾಲ, ಬೆಳಿಗ್ಗೆ ಒಂದು ಕರೆ ಬಂತು. ಗದ್ದೆಯಲ್ಲಿ ಹೆಂಗಸೊಬ್ಬಳು ಬಿದ್ದಿದ್ದಾಳೆ, ಮಾತಾಡುತ್ತಿಲ್ಲ. ಪಕ್ಕದ ಊರಲ್ಲೇ ಇದ್ದ ನಾವು ಐದೇ ನಿಮಿಷದಲ್ಲಿ ಹೋದಾಗ ಅವಳ ತಮ್ಮ ರಸ್ತೆಗೆ ಓಡಿ ಬಂದು, "ಬಿರ್ರನೆ ಬನ್ನಿ ಅಕ್ಕಾ, ಈಗ್ ತಾನೆ ಬಿದ್ದೋದ್ಲು" ಎಂದು ಕೈ ಹಿಡಿದು ಎಳೆದ. ಬ್ಯಾಗ್ ಹಿಡಿದು ಬದುವಿನ ಮೇಲೆ ಓಡಿದೆ. ಡ್ರೈವರ್ ಅಣ್ಣ ನನ್ನ ಹಿಂದೆ. ಹತ್ತು ಹೆಜ್ಜೆ ದೂರದಲ್ಲಿ ಅವಳು ನೀರಿನಲ್ಲಿ ಒಂದು ಕಡೆಗೆ ಮಗ್ಗುಲಾಗಿ ಬಿದ್ದಿದ್ದಳು. ಇನ್ನೇನು ಗದ್ದೆಗೆ ಇಳಿಯಬೇಕು, ಕಾಲು ತಾನಾಗಿ ನಿಂತಿತು. ಬಾಗಿಲಲ್ಲಿ ಕೈ ಅಡ್ಡ ಹಿಡಿದವರ ಹಾಗೆ ಯಾರೋ ತಡೆದಂತಾಯಿತು. ತಲೆ ಎತ್ತಿ ಸುತ್ತ ನೋಡಿದೆ. ಪಂಪ್‌ಸೆಟ್‌ನ ಕಂಬದಿಂದ ವೈರೊಂದು ತುಂಡಾಗಿ ಪೈರಿನ ನಡುವೆ ನೀರಿನಲ್ಲಿ ಬಿದ್ದಿತ್ತು.

"ಯಾರೂ ಇಳೀಬ್ಯಾಡಿ! ಕರೆಂಟ್ ಅದೆ!" ಎಂದು ಕೂಗಿದೆ. ಆ ತಮ್ಮ ಕೇಳಲಿಲ್ಲ. "ನಮ್ಮಕ್ಕ ಸಾಯ್ತಾವ್ಳೆ, ಬುಡಿ ನನ್ನ" ಎಂದು ನುಗ್ಗಿದ. ಡ್ರೈವರ್ ಅಣ್ಣ ಅವನನ್ನು ಸೊಂಟಕ್ಕೆ ಕೈ ಹಾಕಿ ತಬ್ಬಿ ಹಿಡಿದರು. ಯಾರೋ ಟ್ರಾನ್ಸ್‌ಫಾರ್ಮರ್ ಕಡೆ ಓಡಿ ಲೈನ್ ತೆಗೆದರು. ಆ ಸ್ವಲ್ಪ ಹೊತ್ತು ನಾನು ಬದುವಿನ ಮೇಲೆ ನಿಂತು, ಅವಳ ಮುಖ ನೋಡುತ್ತಾ ಏನೂ ಮಾಡದೆ ಇದ್ದೆ. ನನ್ನ ಕೆಲಸದಲ್ಲಿ ಅಷ್ಟು ಕಷ್ಟದ್ದು ಬೇರೆ ಇಲ್ಲ. ಲೈನ್ ಹೋಗಿದ್ದು ಖಾತ್ರಿಯಾದ ಮೇಲೆ ಅವಳನ್ನು ಬದುವಿಗೆ ಎಳೆದು, ಮೊಣಕಾಲೂರಿ ಎದೆ ಒತ್ತಿದೆ. ನಾನು ಸೋತಾಗ ಡ್ರೈವರ್ ಅಣ್ಣ ಒತ್ತಿದರು. ನಾಡಿ ಬಂತು. ಅವಳು ಉಳಿದಳು. ನಾವೂ ಉಳಿದೆವು.

ಮುಂದಿನ ರಜೆಗೆ ಮೇಷ್ಟ್ರ ಮನೆ ಹುಡುಕಿಕೊಂಡು ಹೋದೆ. ಎಲ್ಲ ಹೇಳಿ ಕಾಲಿಗೆ ಬೀಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಜಗಲಿಯಲ್ಲಿ ಪೇಪರ್ ಓದುತ್ತಾ ಕೂತಿದ್ದರು. ನೋಡಿದ ಕೂಡಲೇ ಹೆಸರು ಹಿಡಿದು ಕರೆದರು. ಗದ್ದೆಯ ಸಂಗತಿ ಹೇಳಿದಾಗ ಕುರ್ಚಿಯಿಂದ ಎದ್ದು ನಿಂತುಬಿಟ್ಟರು. "ನಿಂತ್ಕೊಂಡ್ಯಾ? ಬದುವಿನ ಮ್ಯಾಲೇ ನಿಂತ್ಕೊಂಡ್ಯಾ?" ಎಂದು ಎರಡು ಸಲ ಕೇಳಿದರು. ಅವರ ಕಣ್ಣು ತುಂಬಿತ್ತು. ಒಳಗಿದ್ದ ಹೆಂಡತಿಯನ್ನು ಕರೆದು ಪೂರ್ತಿ ಕತೆಯನ್ನು ತಾವೇ ಹೇಳಿದರು.

ಅವರ ಹೆಂಡತಿ ಕಾಫಿ ಮಾಡಲು ಒಳಗೆ ಹೋದಾಗ ದನಿ ತಗ್ಗಿಸಿ ಹೇಳಿದರು: "ಪಾಠ ಬಿಟ್ಬುಟ್ಟೆ ತಾಯಿ. ಬನ್ನೂರಲ್ಲಿ ಒಂದ್ ಕಡೆ ಕರೆದ್ರು, ಒಪ್ಕೊಳ್ಲಿಲ್ಲ. ನಿಮ್ ಬ್ಯಾಚಿನೋರು ಅರ್ಜಿ ಕೊಟ್ಟಿದ್ರಲ್ಲ, ಮರೆವು ಬಂದದೆ ಅಂತ ಬರೆದವ್ರೆ ಅಂತ ಆಫೀಸ್ನೋರು ಓದಿ ಹೇಳಿದ್ರು. ಹುಡುಗ್ರು ಸುಮ್ಮಸುಮ್ಮನೆ ಬರೀತಾರಾ? ಅವತ್ತಿಂದ ನನಗೇ ಅನುಮಾನ. ಗ್ಯಾಸ್ ಆಫ್ ಮಾಡಿದ್ನಾ, ಬೀಗ ಹಾಕಿದ್ನಾ ಅಂತ ಎರಡೆರಡು ಸಲ ಎದ್ದೋಗಿ ನೋಡ್ತೀನಿ. ಇಂಥೋನು ಪಾಠ ಮಾಡಿ, ಏನಾದ್ರೂ ತಪ್ಪು ಹೇಳ್ಕೊಟ್ರೆ ಯಾರದೋ ಜೀವ ಹೋಯ್ತದಲ್ಲ?" ಪೇಪರ್ ಮಡಿಸಿಡುತ್ತಾ ಕೇಳಿದರು: "ಅದನ್ನ ಬರೆದೋರು ಯಾರು ಅಂತ ನಿನಗೇನಾರ ಗೊತ್ತಾ? ಕೋಪ ಇಲ್ಲ. ನಾನು ಏನೇನ್ ಮರೀತಿದ್ದೆ ಅಂತ ಕೇಳ್ಬೇಕಿತ್ತು, ಅಷ್ಟೆ."

"ಗೊತ್ತಿಲ್ಲ ಸಾರ್," ಎಂದೆ.

ಕಾಫಿ ಬಂತು, ಕುಡಿದೆ. ಮುಂದಿನ ಸಲ ಹೇಳೋಣವೆಂದುಕೊಂಡೆ. ಆಮೇಲೆ ಮೂರು ಸಲ ಹೋದೆ. ಒಮ್ಮೆ ಅವರ ಮನೆಯಲ್ಲಿ ನೆಂಟರಿದ್ದರು. ಒಮ್ಮೆ ಅವರಿಗೆ ಜ್ವರ. ಇನ್ನೊಮ್ಮೆ ಇಬ್ಬರೇ ಇದ್ದೆವು, ಬೇಕಾದಷ್ಟು ಹೊತ್ತೂ ಇತ್ತು. ಧೈರ್ಯ ಮಾತ್ರ ಇರಲಿಲ್ಲ. ನಾನು ಒಂದು ಮಾತು ಒಪ್ಪಿಕೊಂಡಿದ್ದರೆ ಅವರು ಮತ್ತೆ ಪಾಠಕ್ಕೆ ನಿಲ್ಲುತ್ತಿದ್ದರು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆ ಮಳೆಗಾಲ ಮುಗಿಯುವಷ್ಟರಲ್ಲಿ ಎದೆನೋವು ಬಂದು, ಮೈಸೂರಿನ ಆಸ್ಪತ್ರೆಯಲ್ಲಿ ಎರಡು ದಿನವಿದ್ದು ತೀರಿಕೊಂಡರು. ಸುದ್ದಿ ನನಗೆ ತಡವಾಗಿ ತಲುಪಿತು.

ಹನ್ನೊಂದನೇ ದಿನದ ಕಾರ್ಯಕ್ಕೆ ಹೋದೆ. ಅವರ ಹೆಂಡತಿ ನನ್ನನ್ನು ಕಂಡವರೇ ಕೈ ಹಿಡಿದು ನೆಂಟರ ನಡುವೆ ಕರೆದುಕೊಂಡು ಹೋದರು. "ಅಷ್ಟೊಂದು ಜನಕ್ಕೆ ಪಾಠ ಏಳಿದ್ರು. ಮನೆಗಂಟ ಬಂದು ಇಚಾರಿಸ್ಕಂಡೋಳು ಇವ್ಳೊಬ್ಳೇ ಕಣ್ರವ್ವ. ಇವ್ಳು ಬಂದೋದ್ರೆ ಸಾಕು, ಎರಡು ದಿನ ಲವಲವಿಕೆಯಾಗಿರೋರು" ಎಂದು ಎಲ್ಲರಿಗೂ ತೋರಿಸಿದರು. ವಯಸ್ಸಾದ ಹೆಂಗಸೊಬ್ಬರು ನನ್ನ ತಲೆ ಸವರಿ, "ನಿನ್ನಂತ ಶಿಷ್ಯರು ಸಿಕ್ಬೇಕು ಕಣವ್ವ" ಎಂದರು. ನನ್ನ ಕೈ ಇನ್ನೂ ಮೇಷ್ಟ್ರ ಹೆಂಡತಿಯ ಕೈಯಲ್ಲೇ ಇತ್ತು. ಅದನ್ನು ಬಿಡಿಸಿಕೊಳ್ಳಲಿಲ್ಲ, ಬಾಯಿಯನ್ನೂ ತೆರೆಯಲಿಲ್ಲ. ಅವರು ಬಡಿಸಿದ್ದನ್ನು ತಲೆ ತಗ್ಗಿಸಿ ಉಂಡು ಬಂದೆ.