ಅರಿಶಿನ ಹತ್ತಿದ ಅಳತೆ ಮುಚ್ಚಳ

ಕೊಳ್ಳೇಗಾಲದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಮಹಾದೇವಮ್ಮ ಸೇರಿ ಇಪ್ಪತ್ತಾರು ವರ್ಷವಾಯಿತು. ಬಿಸಿನೀರಿನ ತೊಟ್ಟಿಯಲ್ಲಿ ಗೂಡುಗಳು ಕುಣಿಯುತ್ತಿರುತ್ತವೆ. ಒಂದು ಎಳೆಗೆ ಎಂಟು ಗೂಡು. ಒಂದು ಮುಗಿಯುವ ಹೊತ್ತಿಗೆ ಅವಳ ಬೆರಳು ಇನ್ನೊಂದರ ತುದಿಯನ್ನು ಸೇರಿಸಿಯಾಗಿರುತ್ತದೆ. ನೀರು ಎಷ್ಟು ಕಾದಿದೆ ಎಂದು ಉಗಿ ನೋಡಿಯೇ ಹೇಳುತ್ತಾಳೆ. ಮನೆಯಲ್ಲೂ ಅಷ್ಟೆ. ಉಪ್ಪಿಗೆ ಚಮಚವಿಲ್ಲ, ಅಕ್ಕಿಗೆ ಪಾವಿಲ್ಲ. "ನನ್ ಕಣ್ಣೇ ಅಳತೆ" ಎನ್ನುವುದು ಅವಳ ಜಂಬ. ಆ ಜಂಬ ಕಳೆದ ಕಾರ್ತಿಕದವರೆಗೆ ಎಲ್ಲೂ ಎಡವಿರಲಿಲ್ಲ.

ಕಾರ್ತಿಕದಲ್ಲಿ ಲೊಕ್ಕನಹಳ್ಳಿಯಿಂದ ದೊಡ್ಡವ್ವ ಬಂದಳು. ಹೆಸರು ದೊಡ್ಡಮಾದಮ್ಮ, ಮಹಾದೇವಮ್ಮನ ತಾಯಿಯ ಅಕ್ಕ. ಹೆರಿಗೆಯಲ್ಲೇ ತಾಯಿ ತೀರಿಕೊಂಡಾಗ ಹಸುಗೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋಗಿ ಸಾಕಿದವಳು. ಈಗ ಎಪ್ಪತ್ತು ದಾಟಿದ ಅವಳಿಗೆ ಕಣ್ಣಿನ ಪೊರೆ ತೆಗೆಸಿದ್ದರು.

"ಅಕ್ಕಾ, ಒಂದ್ ವಾರ ನೋಡ್ಕೊ," ಎಂದು ಅವಳ ಮಗ ನಾಗರಾಜು ಬಿಟ್ಟು ಹೋದ. "ರಾಗಿ ಒಲಕ್ಕೆ ಆನೆ ಇಳೀತಾವೆ, ಕಾಯೋರಿಲ್ಲ."

ಬಗ್ಗಬಾರದು, ಭಾರ ಎತ್ತಬಾರದು, ಕಕ್ಕಸ್ಸಿನಲ್ಲಿ ತಿಣುಕಬಾರದು ಎಂದು ಕಣ್ಣಿನ ಡಾಕ್ಟರು ಹೇಳಿದ್ದರು. ಮೊದಲೆರಡನ್ನು ದೊಡ್ಡವ್ವ ಪಾಲಿಸಿದಳು. ಮೂರನೆಯದು ಅವಳ ಕೈಯಲ್ಲಿರಲಿಲ್ಲ. ಮೂರು ದಿನವಾದರೂ ಹೊಟ್ಟೆ ಕಲ್ಲಿನಂತಿತ್ತು.

"ತಿಣುಕಿದ್ರೆ ಕಣ್ಣು ಕಿತ್ಕಂಡ್ ಬತ್ತದಾ ಮಗ?"

"ಬ್ಯಾಡ ಕನ ದೊಡ್ಡವ್ವ. ನನ್ತಾವ ಔಸ್ತಿ ಅದೆ."

ಅದು ಹಾಲಿನಂತೆ ಬೆಳ್ಳಗಿನ ಔಷಧಿ. ದಿನವಿಡೀ ತೊಟ್ಟಿಯ ಮುಂದೆ ಕೂತು ಹೊಟ್ಟೆ ಕಟ್ಟಿದಾಗ ಮಹಾದೇವಮ್ಮ ಅಪರೂಪಕ್ಕೊಮ್ಮೆ ಮೆಡಿಕಲ್ ಶಾಪಿನಿಂದ ತಂದು ಕುಡಿಯುತ್ತಿದ್ದುದು. ಜೊತೆಗೆ ಬಂದಿದ್ದ ಅಳತೆ ಮುಚ್ಚಳ ದೇವರ ಗೂಡಿನಲ್ಲಿತ್ತು, ಅರಿಶಿನ ತುಂಬಿಕೊಂಡು. ಅವಳು ಕಣ್ಣಳತೆಯಲ್ಲೇ ಅರ್ಧ ಲೋಟ ಸುರಿದಳು.

ಮಾರನೆಯ ಬೆಳಿಗ್ಗೆ ಹೊಟ್ಟೆ ಸಲೀಸಾಯಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮತ್ತೆ ಕಟ್ಟಿಕೊಂಡರೆ? ದೊಡ್ಡವ್ವ ತಿಣುಕಿದರೆ? ಪ್ರೀತಿ ಅಳತೆ ತಪ್ಪಿತು. ಬೆಳಿಗ್ಗೆ ಅರ್ಧ ಲೋಟ, ಸಂಜೆ ಅರ್ಧ ಲೋಟ, ನಾಲ್ಕು ದಿನ; ಖಾಲಿಯಾದರೆ ಹೊಸ ಬಾಟಲಿ. ಮೂರನೆಯ ದಿನ ಭೇದಿಯಾದಾಗಲೂ "ಕಸ ಎಲ್ಲ ಓಗ್ಲಿ ಬುಡು" ಎಂದಳು.

ಐದನೆಯ ದಿನ ಮಧ್ಯಾಹ್ನ ಊಟಕ್ಕೆ ಬಂದಾಗ ದೊಡ್ಡವ್ವ ಚಾಪೆಯಿಂದ ಏಳಲಿಲ್ಲ. ಕರೆದರೆ ಅರೆಗಣ್ಣು ತೆರೆದು ಏನೋ ತೊದಲಿದಳು. ಹಿಡಿದೆತ್ತಿದ ಕೈ, ಬಿಟ್ಟೊಡನೆ ಒದ್ದೆ ಬಟ್ಟೆಯಂತೆ ಬಿತ್ತು. ಪಕ್ಕದ ಮನೆಯ ಪುಷ್ಪ ಆಟೋ ಕರೆತಂದಳು.

ಆಸ್ಪತ್ರೆಯಲ್ಲಿ ಡಾಕ್ಟರ್ ಮಧುಶ್ರೀ ನಾಡಿ ಹಿಡಿದು ಹುಬ್ಬು ಗಂಟಿಕ್ಕಿದರು. ನಾಡಿ ನಿಧಾನ, ಬಿಪಿ ಕೆಳಗಿಳಿದಿತ್ತು.

"ಏನೇನು ಔಷಧಿ ಕೊಡ್ತಿದ್ರಿ?"

"ಬಿಪಿ ಮಾತ್ರೆ ಮೇಡಂ. ಕಣ್ಣಿಗೆ ಡ್ರಾಪ್ಸು."

"ಬೇರೆ?"

ಮಹಾದೇವಮ್ಮನಿಗೆ ಬಿಳಿ ಔಷಧಿಯ ಬಾಟಲಿ ನೆನಪಾಯಿತು. ಇಲ್ಲವೆಂದು ತಲೆಯಾಡಿಸಿ, ವರಾಂಡಕ್ಕೆ ಬಂದು ನಾಗರಾಜುವಿಗೆ ಫೋನು ಮಾಡಿದಳು. ಅವನು ಅಳುದನಿಯಲ್ಲಿ, "ಆಪರೇಷನ್‌ಗ ಮುಂಚೆ ರಕ್ತ ನೋಡಿ ಕಿಡ್ನಿ ವಸಿ ವೀಕು ಅಂದಿದ್ರು ಅಕ್ಕಾ. ಅವ್ವ ಎದುರ್ಕತ್ತಳೆ ಅಂತ ಯಾರ್ಗೂ ಏಳ್ಲಿಲ್ಲ" ಎಂದ.

ಕಿಡ್ನಿ. ಮೊದಲ ಸಲ ಬಾಟಲಿ ಕೊಡುವಾಗ ಮೆಡಿಕಲ್ ಶಾಪಿನವನು ಕೇಳಿದ್ದ ಮಾತು ಆಗ ನೆನಪಾಯಿತು: "ಕಿಡ್ನಿ ತೊಂದ್ರೆ ಏನಿಲ್ಲ ತಾನೇ?" ತನಗಿಲ್ಲವೆಂದು ಅಂದೇ ಮರೆತಿದ್ದಳು. ಹೇಳಿದರೆ ತಾನೇ ಕೊಂದಂತಾಗುತ್ತದೆ. ಹೇಳದಿದ್ದರೆ? ಸೆರಗಿನಲ್ಲಿ ಸುತ್ತಿ ಸಾಕಿದವಳು ಒಳಗೆ ಮಲಗಿದ್ದಳು. ಮಹಾದೇವಮ್ಮ ಡಾಕ್ಟರ ಬಳಿಗೆ ಓಡಿದಳು.

"ಮೇಡಂ, ನಾನೇ ಕುಡ್ಸಿದ್ದು. ಬೆಳ್ಳಗಿನ್ ಔಸ್ತಿ, ಒಟ್ಟೆ ಓಗಕ್ಕೆ. ದಿನುಕ್ಕೆ ಒಂದ್ ಲೋಟ. ನನ್ನ ಬೇಕಾದ್ರೆ ಬೈರಿ, ಅವಳ್ನ ಉಳಿಸ್ಕೊಡಿ."

ಮಧುಶ್ರೀ ಬೈಯಲಿಲ್ಲ. "ಈಗ ಹೇಳಿದ್ರಲ್ಲ, ಅದೇ ದೊಡ್ಡದು," ಎಂದು ನರ್ಸಿನತ್ತ ತಿರುಗಿದರು. ಆ ಔಷಧಿಯಲ್ಲಿರುವ ಮೆಗ್ನೀಷಿಯಂ ರಕ್ತದಲ್ಲಿ ಎಷ್ಟಿದೆಯೆಂದು ಪರೀಕ್ಷೆಗೆ ಬರೆದರು. ಕ್ಯಾಲ್ಸಿಯಂ ಇಂಜೆಕ್ಷನ್ ನಿಧಾನವಾಗಿ ನರಕ್ಕೆ ಹೋಯಿತು, ಡ್ರಿಪ್ಪು ಹನಿಯತೊಡಗಿತು. ಎಷ್ಟು ಮೂತ್ರ ಹೋಯಿತೆಂದು ನರ್ಸು ಅಳೆದಳು; ಕಣ್ಣಿಂದಲ್ಲ, ಗೆರೆ ಹಾಕಿದ ಚೀಲದಲ್ಲಿ. ಮಹಾದೇವಮ್ಮ ಆ ಗೆರೆಗಳನ್ನೇ ನೋಡುತ್ತ ನಿಂತಳು.

ದೀಪ ಹಚ್ಚುವ ಹೊತ್ತಿಗೆ ದೊಡ್ಡವ್ವ ತಲೆ ಹೊರಳಿಸಿದಳು.

"ಮಾದೇವೀ, ಒಟ್ಟೆ ಅಸೀತದೆ ಕನ."

ಮಹಾದೇವಮ್ಮ ನಕ್ಕಳೋ ಅತ್ತಳೋ, ಪುಷ್ಪಳಿಗೂ ತಿಳಿಯಲಿಲ್ಲ.

ಡಿಸ್ಚಾರ್ಜ್ ದಿನ, ಮಹಾದೇವಮ್ಮ ಮನೆಯಿಂದ ತಂದಿದ್ದ ಬಾಟಲಿಯನ್ನು ಮಧುಶ್ರೀ ಕೈಗೆತ್ತಿಕೊಂಡರು. "ಔಷಧಿ ಕೆಟ್ಟದ್ದಲ್ಲಮ್ಮ. ಆರೋಗ್ಯವಂತರು ಅಳತೆ ಮಾಡಿ, ಮೇಲೊಂದು ಲೋಟ ನೀರು ಕುಡಿದು, ನಾಕಾರು ದಿನ ತಗೊಂಡ್ರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಭೇದಿ ಶುರುವಾದ್ರೆ ನಿಲ್ಲಿಸ್ಬೇಕು. ಒಂದು ವಾರಕ್ಕೂ ಸರಿಹೋಗ್ದಿದ್ರೆ ಬಂದು ತೋರಿಸ್ಬೇಕು. ಬೇರೆ ಮಾತ್ರೆ ನುಂಗೋರು ಎಷ್ಟು ಗಂಟೆ ಬಿಡಬೇಕು ಅಂತ ಕೇಳ್ಕೋಬೇಕು. ಕಿಡ್ನಿ ವೀಕಾದ್ರೆ ಇದು ಹೊರಗೆ ಹೋಗದೆ ರಕ್ತದಲ್ಲೇ ಉಳಿಯುತ್ತೆ. ಅಜ್ಜಿಗೆ ಬೇರೆ ಬರೆದಿದ್ದೀನಿ."

ಮನೆಗೆ ಬಂದವಳೇ ಮಹಾದೇವಮ್ಮ ಅಳತೆ ಮುಚ್ಚಳದ ಅರಿಶಿನವನ್ನು ಎಲೆಗೆ ಸುರಿದು, ಮುಚ್ಚಳ ತೊಳೆದಳು. ಎಷ್ಟು ಉಜ್ಜಿದರೂ ಹಳದಿ ಹೋಗಲಿಲ್ಲ. ಗೆರೆಗಳು ಮಾತ್ರ ಚೆನ್ನಾಗಿ ಕಂಡವು. ಈಗ ಯಾರಾದರೂ ಬಾಟಲಿ ಕೇಳಿದರೆ ಅವಳು ಕೊಡುವುದಿಲ್ಲ.

"ನಿನ್ ಕಿಡ್ನಿ ಎಂಗದೆ ಅಂತ ಡಾಕ್ಟ್ರ ತಾವ ಕೇಳ್ಕಂಡ್ ಬಾ ಓಗು," ಎಂದು ಮೊನ್ನೆ ಪುಷ್ಪಳನ್ನೇ ಅಟ್ಟಿದಳು.

ದೊಡ್ಡವ್ವ ಊರಿಗೆ ಹೊರಟ ದಿನ ಬಸ್‌ಸ್ಟ್ಯಾಂಡಿನಲ್ಲಿ ಬಿಸಿಲು ಚೆನ್ನಾಗಿತ್ತು. ಅವಳು ಕಪ್ಪು ಕನ್ನಡಕ ಮೇಲೆತ್ತಿ, ಹೊಸ ಕಣ್ಣಲ್ಲಿ ಸಾಕುಮಗಳನ್ನು ಬಹಳ ಹೊತ್ತು ನೋಡಿದಳು.

"ಯಾವಾಗಮ್ಮಿ ನಿನ್ ತಲೆ ಇಷ್ಟ್ ಬೆಳ್ಳಗಾದ್ದು?"

"ಮೊನ್ನೆ ಆಸ್ಪತ್ರೇಲಿ," ಎಂದಳು ಮಹಾದೇವಮ್ಮ. "ಒಂದೇ ಮಧ್ಯಾನ್ದಲ್ಲಿ."

ಇಬ್ಬರೂ ನಗುತ್ತಿರುವಾಗಲೇ ಲೊಕ್ಕನಹಳ್ಳಿ ಬಸ್ಸು ಬಂತು.